ಕಬುಕಿ ಮುದ್ರಣಚಿತ್ರಗಳು ಕಂಡ ಪಶ್ಚಿಮ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಮರದಚ್ಚಿನ ಚಿತ್ರ ಅಂದ ಕೂಡಲೇ ಹೊಕುಸಾಯಿ ಅನ್ನುವ ಕಲಾವಿದ ಬರೆದ ಅಲೆ, ಫ್ಯೂಜಿ ಬೆಟ್ಟ ಕಣ್ಣ ಮುಂದೆ ಬರುತ್ತವೆ. ಆದರೆ ಆ ಕಾಲದ, ಅಂದರೆ 18, 19ನೇ ಶತಮಾನದ ಅಂಗಡಿಗಳಲ್ಲಿ ರಾಶಿ ರಾಶಿ ಖರ್ಚಾಗುತ್ತಿದ್ದುದು ನಾಟಕದ ನಟರ ಚಿತ್ರಗಳು. ಆ ಚಿತ್ರಗಳಲ್ಲಿ ಯುರೋಪು, ಅಮೆರಿಕಾ ಹೇಗೆ ಕಾಣಿಸಿಕೊಂಡವು ಅನ್ನುವುದು ನನಗೆ ತುಂಬಾ ಪ್ರೀತಿಯ ವಿಷಯ. ಈ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ರಂಗಚಿತ್ರ ಅಂದರೆ ಏನು? ಯಾರು ಕೊಳ್ಳುತ್ತಿದ್ದರು?

ಇವತ್ತಿನ ಟೋಕಿಯೊ ನಗರಕ್ಕೆ ಆಗ ಎದೋ ಅಂತ ಹೆಸರು. ಅಲ್ಲಿ ಕಬುಕಿ, ಅಂದರೆ ಹಾಡು, ಕುಣಿತ, ಗತ್ತಿನ ಭಂಗಿಗಳ ಜಪಾನಿ ನಾಟಕದ ಹುಚ್ಚು ಜೋರಾಗಿತ್ತು. ನಾಟಕ ನೋಡಿ ಬಂದವರಿಗೂ ಮೆಚ್ಚಿನ ನಟನ ಚಿತ್ರ ಬೇಕು, ಟಿಕೆಟಿಗೆ ದುಡ್ಡಿಲ್ಲದವರಿಗೂ ಬೇಕು. ನಮ್ಮಲ್ಲಿ ಮೆಚ್ಚಿನ ಸಿನಿಮಾ ನಟನ ಫೋಟೋ ಕೊಂಡು ಗೋಡೆಗೆ ಅಂಟಿಸುತ್ತಿದ್ದರಲ್ಲ, ಹಾಗೆ. ಇವಕ್ಕೆ ಜಪಾನಿನಲ್ಲಿ ಯಾಕುಷಾ-ಎ ಅನ್ನುತ್ತಾರೆ. ನಟನೊಬ್ಬನದೇ ಚಿತ್ರ ಇರಬಹುದು, ನಾಟಕದ ಒಂದು ದೃಶ್ಯ ಇರಬಹುದು, ಇಡೀ ರಂಗಮಂದಿರದ ಒಳಗಿನ ನೋಟವೂ ಇರಬಹುದು.

ಇವನ್ನು ಕಲಾವಿದನೊಬ್ಬನೇ ಮಾಡುತ್ತಿದ್ದನಾ?

ಇಲ್ಲ, ನಾಲ್ಕು ಕೈಗಳ ಕೆಲಸ ಅದು. ಕಲಾವಿದ ತೆಳು ಕಾಗದದ ಮೇಲೆ ಗೆರೆ ಎಳೆದು ಕೊಡುತ್ತಿದ್ದ. ಕೆತ್ತುವವನು ಆ ಕಾಗದವನ್ನು ಚೆರ್ರಿ ಮರದ ಹಲಗೆಗೆ ಅಂಟಿಸಿ ಕೆತ್ತುತ್ತಿದ್ದ. ಮುದ್ರಿಸುವವನು ಬಣ್ಣಕ್ಕೊಂದು ಹಲಗೆ ಇಟ್ಟುಕೊಂಡು ಒಂದರ ಮೇಲೊಂದು ಒತ್ತುತ್ತಿದ್ದ. ಇಡೀ ಕೆಲಸಕ್ಕೆ ದುಡ್ಡು ಹಾಕಿ, ಏನು ಮಾರಾಟವಾಗುತ್ತದೆ ಅಂತ ತೀರ್ಮಾನಿಸುತ್ತಿದ್ದವನು ಪ್ರಕಾಶಕ. ಪೂರ್ತಿ ಬಣ್ಣದ ಮುದ್ರಣ ಬಂದದ್ದು 1765ರಲ್ಲಿ. ಸಾಮಾನ್ಯ ಹಾಳೆಯ ಅಳತೆ ಸುಮಾರು 39 ಸೆಂಟಿಮೀಟರ್ ಉದ್ದ, 26 ಸೆಂಟಿಮೀಟರ್ ಅಗಲ. ದೊಡ್ಡ ದೃಶ್ಯ ಬೇಕಾದರೆ ಮೂರು ಹಾಳೆ ಜೋಡಿಸುತ್ತಿದ್ದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಎಷ್ಟೋ ಚಿತ್ರಗಳು ನಾಟಕದ ಮೊದಲ ಪ್ರದರ್ಶನಕ್ಕೆ ಮುಂಚೆಯೇ ಅಂಗಡಿಗೆ ಬರುತ್ತಿದ್ದವು. ಅಂದರೆ ರಂಗದ ಮೇಲೆ ನಡೆದದ್ದಕ್ಕಿಂತ ನಡೆಯಲಿದೆ ಅಂತ ಅಂದುಕೊಂಡದ್ದೇ ಅವುಗಳಲ್ಲಿದೆ. ಅವನ್ನು ಫೋಟೋ ಥರ ಸಾಕ್ಷಿ ಅಂತ ಹಿಡಿದರೆ ಮೋಸ ಹೋಗುತ್ತೇವೆ.

ಈ ಚಿತ್ರಗಳಿಗೆ ಪಶ್ಚಿಮ ಮೊದಲು ಬಂದದ್ದು ಯಾವಾಗ? ಅಮೆರಿಕದ ಹಡಗು ಬಂದ ಮೇಲೆ ತಾನೆ?

ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ನಿಜವಾಗಿ ಅದಕ್ಕಿಂತ ನೂರು ವರ್ಷ ಮೊದಲೇ ಬಂದಿತ್ತು. ಆದರೆ ಮನುಷ್ಯರ ರೂಪದಲ್ಲಿ ಬರಲಿಲ್ಲ, ಗೆರೆಯ ರೂಪದಲ್ಲಿ ಬಂತು.

1740ರ ಹೊತ್ತಿಗೆ ಒಕುಮುರಾ ಮಸನೋಬು ಅನ್ನುವ ಕಲಾವಿದ (1686–1764) ಕಬುಕಿ ಮಂದಿರದ ಒಳಾಂಗಣದ ದೊಡ್ಡ ಚಿತ್ರಗಳನ್ನು ಮಾಡಿದ. ಇವಕ್ಕೆ ಉಕಿ-ಎ ಅಂತ ಹೆಸರು. ನಾವು ಸಭಾಂಗಣದ ಹಿಂದೆ ನಿಂತಿದ್ದೇವೆ ಅಂದುಕೊಳ್ಳಿ. ಎದುರಿಗೆ ದೂರದಲ್ಲಿ ರಂಗ. ಎಡಬಲಕ್ಕೆ ಎರಡಂತಸ್ತಿನ ಆಸನಗಳು ಸಾಲಾಗಿ ಒಳಗೆ ಓಡುತ್ತವೆ, ಓಡುತ್ತಾ ಓಡುತ್ತಾ ಕಿರಿದಾಗುತ್ತವೆ. ಮೇಲೆ ಚಾವಣಿಯ ಅಡ್ಡಪಟ್ಟಿಗಳು, ನಟರ ಗುರುತುಗಳಿರುವ ಲಾಟೀನುಗಳು. ಕೆಳಗೆ ಜನ. ಯಾರೋ ತಿನ್ನುತ್ತಿದ್ದಾರೆ, ಯಾರೋ ಹೊಗೆ ಸೇದುತ್ತಿದ್ದಾರೆ, ಯಾರೋ ನಾಟಕ ಬಿಟ್ಟು ಪಕ್ಕದವರ ಕಡೆ ತಿರುಗಿದ್ದಾರೆ. ದೂರ ಹೋದಷ್ಟೂ ಚಿಕ್ಕದಾಗಿ ಕಾಣುವ ಈ ಲೆಕ್ಕಾಚಾರ ಯುರೋಪಿನದು. ಅದು ಡಚ್ಚರು ತಂದ ಚಿತ್ರಗಳಿಂದಲೂ, ಯುರೋಪಿನ ಪದ್ಧತಿ ಕಲಿತಿದ್ದ ಚೀನಾದ ಮುದ್ರಣಗಳಿಂದಲೂ ಜಪಾನಿಗೆ ಬಂತು. 1720ರಲ್ಲಿ ದೇಶ ಆಳುತ್ತಿದ್ದ ಶೋಗುನ್ (ಸೇನಾಧಿಪತಿ) ಯೊಶಿಮುನೆ ಕ್ರೈಸ್ತ ಧರ್ಮಕ್ಕೆ ಸಂಬಂಧಿಸದ ಪುಸ್ತಕಗಳ ಆಮದಿಗೆ ಕಟ್ಟುಪಾಡು ಸಡಿಲಿಸಿದ್ದೂ ಇದಕ್ಕೆ ದಾರಿ ಮಾಡಿಕೊಟ್ಟಿತು.

ಇದರಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಒಂದು ಅಂಶ. ಕಟ್ಟಡ ಮಾತ್ರ ಯುರೋಪಿನ ಲೆಕ್ಕದಲ್ಲಿದೆ. ರಂಗದ ಮೇಲಿನ ನಟರು ಹಳೆಯ ಜಪಾನಿ ಶೈಲಿಯಲ್ಲೇ, ಚಪ್ಪಟೆಯಾಗಿ, ಗತ್ತಿನ ಭಂಗಿಯಲ್ಲಿ ನಿಂತಿದ್ದಾರೆ. ಎರಡು ಕಣ್ಣೋಟಗಳು ಒಂದೇ ಹಾಳೆಯಲ್ಲಿ ಜಗಳವಿಲ್ಲದೆ ಕೂತಿವೆ.

ವೆನಿಸ್ ನಗರವನ್ನು ಹಾಲೆಂಡ್ ಅಂತ ಮಾರಿದ್ದರಂತೆ, ನಿಜವಾ?

ನಿಜ. ಉತಾಗಾವಾ ತೊಯೊಹಾರು (1735–1814) ಮಾಡಿದ ಚಿತ್ರ ಅದು. ವೆನಿಸ್‌ನ ದೊಡ್ಡ ಕಾಲುವೆ, ಅದರ ಮೇಲೆ ಗೊಂಡೊಲಾ ದೋಣಿಗಳು, ದಡದಲ್ಲಿ ಕಲ್ಲಿನ ಕಟ್ಟಡಗಳು. ಮೂಲದಲ್ಲಿ ಅದು ಇಟಲಿಯ ಕಲಾವಿದ ಕನಾಲೆಟ್ಟೊ ಬರೆದ ವರ್ಣಚಿತ್ರ. ಅದನ್ನು ನೋಡಿ ವಿಸೆಂಟಿನಿ ತಾಮ್ರದ ಹಲಗೆಯ ಮೇಲೆ ಕೊರೆದ. ಆ ಮುದ್ರಣ ಹೇಗೋ ಜಪಾನಿಗೆ ಬಂದು ತೊಯೊಹಾರು ಕೈಗೆ ಸಿಕ್ಕಿತು. ಅವನು ಅದನ್ನು ಮರಕ್ಕಿಳಿಸಿ, ಡಚ್ಚರ ಫ್ರಾಂಕಾಯಿ ಬಂದರು, ಅಲ್ಲಿಯ ಗಂಟೆಯ ಸದ್ದು ಹತ್ತು ಸಾವಿರ ಹರಿದಾರಿಗೆ ಕೇಳಿಸುತ್ತದೆ ಅಂತ ಶೀರ್ಷಿಕೆ ಕೊಟ್ಟ.

ಅವನನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅವನಿಗೆ ಗೊತ್ತಿದ್ದ ಯುರೋಪು ಅಂದರೆ ಡಚ್ಚರು ಮಾತ್ರ. ಬಂದ ಚಿತ್ರವೆಲ್ಲ ಅವರ ಊರಿನದೇ ಅಂದುಕೊಳ್ಳುವುದು ಸಹಜ.

ಇದು ರಂಗಚಿತ್ರವಲ್ಲ, ಆದರೂ ಇಲ್ಲಿ ಹೇಳಲೇಬೇಕು. ಇದೇ ತೊಯೊಹಾರು ನಾಟಕ ಮಂದಿರದ ಒಳನೋಟಗಳನ್ನೂ ಮಾಡಿದ. ಅವನು ಕಟ್ಟಿದ ಉತಾಗಾವಾ ಮನೆತನದಿಂದಲೇ (ಗುರುಶಿಷ್ಯರ ಪರಂಪರೆ ಅದು) ಮುಂದೆ ತೊಯೊಕುನಿ, ಕುನಿಸಾದಾ, ಕುನಿಯೊಶಿ, ಕುನಿಚಿಕಾ ಬಂದರು. ನಟರ ಚಿತ್ರದ ಮಾರುಕಟ್ಟೆ ಹೆಚ್ಚೂಕಡಿಮೆ ಇವರ ಕೈಯಲ್ಲೇ ಇತ್ತು. ಮುಂದೆ ವಿದೇಶಿಯರನ್ನು ಬರೆದವರೂ ಇದೇ ಮನೆತನದವರು.

ಹೊರಗಿನವರಿಗೆ ದೇಶವೇ ಮುಚ್ಚಿತ್ತಲ್ಲ. ಆಗ ನಾಟಕದಲ್ಲಿ ಪರದೇಶದ ಪಾತ್ರಗಳು ಇರುತ್ತಿದ್ದವಾ?

ಪೂರ್ತಿ ಮುಚ್ಚಿರಲಿಲ್ಲ. 1641ರಿಂದ ಡಚ್ಚರಿಗೆ ನಾಗಾಸಾಕಿಯ ದೇಜಿಮಾ ಅನ್ನುವ ಪುಟ್ಟ ದ್ವೀಪದಲ್ಲಿ ವ್ಯಾಪಾರಕ್ಕೆ ಜಾಗ ಇತ್ತು. ಚೀನಾದ ವ್ಯಾಪಾರಿಗಳೂ ಬರುತ್ತಿದ್ದರು. ಆದರೆ ಎದೋದ ಸಾಮಾನ್ಯ ಜನ ಯುರೋಪಿನವರನ್ನು ಕಣ್ಣಾರೆ ಕಂಡದ್ದು ತೀರಾ ಅಪರೂಪ.

ನಾಟಕದಲ್ಲಿ ಪರದೇಶ ಬಂದದ್ದು ಮಾಯಾಮಂತ್ರದ ರೂಪದಲ್ಲಿ. ಇದಕ್ಕೆ ಒಳ್ಳೆಯ ಉದಾಹರಣೆ ತೆಂಜಿಕು ತೊಕುಬೆ. ತೆಂಜಿಕು ಅಂದರೆ ನಮ್ಮ ಭಾರತವೇ. ತೊಕುಬೆ ನಿಜವಾಗಿ ಇದ್ದ ಮನುಷ್ಯ. 17ನೇ ಶತಮಾನದಲ್ಲಿ, ದೇಶ ಬಿಟ್ಟು ಹೋಗುವುದಕ್ಕೆ ನಿಷೇಧ ಬೀಳುವ ಮುಂಚೆ, ಹಡಗಿನಲ್ಲಿ ದಕ್ಷಿಣದ ದೇಶಗಳಿಗೆ ಹೋಗಿ ಬಂದಿದ್ದ. 1804ರಲ್ಲಿ ನಾಲ್ಕನೇ ತ್ಸುರುಯಾ ನಾನ್‌ಬೊಕು ಅವನ ಮೇಲೆ ಬರೆದ ನಾಟಕ ಎದೋದಲ್ಲಿ ಭಾರೀ ಹೆಸರು ಮಾಡಿತು. (ರಂಗದ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಸಾಗುತ್ತವೆ, ನಾಲ್ಕನೇ ಅಂತೆಲ್ಲ ಸಂಖ್ಯೆ ಬರುವುದು ಅದಕ್ಕೇ.) ನಾಟಕದ ತೊಕುಬೆ ಮಾಂತ್ರಿಕ. ದೈತ್ಯ ಕಪ್ಪೆಯ ಮೇಲೆ ನಿಲ್ಲುತ್ತಾನೆ. ನೀರಿಗೆ ಧುಮುಕಿ ಕ್ಷಣದಲ್ಲಿ ಬೇರೆ ವೇಷದಲ್ಲಿ ಎದ್ದು ಬರುತ್ತಾನೆ. ಆ ಪಾತ್ರ ಮಾಡಿದ ಮೊದಲನೇ ಒನೊಎ ಮಾತ್ಸುಸುಕೆ ನಿಷೇಧಿತ ಕ್ರೈಸ್ತ ಮಂತ್ರವಿದ್ಯೆ ಬಳಸುತ್ತಿದ್ದಾನೆ ಅಂತ ಗಾಳಿಸುದ್ದಿ ಹಬ್ಬಿತು, ಅಧಿಕಾರಿಗಳು ಪರೀಕ್ಷೆಗೆ ಬಂದರು ಅಂತಲೂ ಕಥೆ ಇದೆ. ತೊಕುಬೆಯ ಮಂತ್ರದಲ್ಲಿ ‘ಹರಾಯಿಸೊ’ ಅಂತ ಒಂದು ಪದ ಬರುತ್ತದೆ. ಅದು ಸ್ವರ್ಗಕ್ಕೆ ಪೋರ್ಚುಗೀಸರ ಪದ.

ಅಂದರೆ ಭಾರತ, ಪೋರ್ಚುಗಲ್, ಕ್ರೈಸ್ತ ಧರ್ಮ, ಕಪ್ಪೆಮಾಟ ಎಲ್ಲ ಒಂದೇ ಮೂಟೆಯಲ್ಲಿ. ಎದೋದ ಪ್ರೇಕ್ಷಕನಿಗೆ ಸಮುದ್ರದ ಆಚೆ ಇರುವುದೆಲ್ಲ ಒಂದೇ ದಿಕ್ಕು. ಬುದ್ಧನ ನಾಡಾದ ಭಾರತವೂ ಅವರ ಪಾಲಿಗೆ ಪಶ್ಚಿಮವೇ, ಅಲ್ವಾ?

ಚಿತ್ರಗಳಲ್ಲಿ ಆ ಗಾಢ ನೀಲಿ ಎಲ್ಲಿಂದ ಬಂತು?

ಬರ್ಲಿನ್‌ನಿಂದ. 1700ರ ದಶಕದ ಆರಂಭದಲ್ಲಿ ಅಲ್ಲಿ ಆಕಸ್ಮಿಕವಾಗಿ ಸಿಕ್ಕ ರಾಸಾಯನಿಕ ಬಣ್ಣ ಅದು, ಪ್ರಶ್ಯನ್ ಬ್ಲೂ. 1830ರ ಸುಮಾರಿಗೆ ಅಗ್ಗವಾಗಿ ಸಿಗತೊಡಗಿದಾಗ ಮುದ್ರಣದವರು ಮುಗಿಬಿದ್ದರು. ಹೊಕುಸಾಯಿಯ ಅಲೆಯೂ ಈ ನೀಲಿಯದೇ. ಹಳೆಯ ಗಿಡಮೂಲದ ನೀಲಿಗಳು ಬೇಗ ಮಾಸುತ್ತಿದ್ದವು, ಇದು ಗಟ್ಟಿ.

1853ರಲ್ಲಿ ಕಪ್ಪು ಹಡಗುಗಳು ಬಂದ ಮೇಲೆ ಏನಾಯಿತು?

ಅಮೆರಿಕದ ನೌಕಾಧಿಕಾರಿ ಪೆರಿ ಜುಲೈ 1853ರಲ್ಲಿ ನಾಲ್ಕು ಹಡಗುಗಳ ಜೊತೆ ಎದೋ ಕಡೆಯ ಉರಾಗಾ ಹತ್ತಿರ ಬಂದು ನಿಂತ. ಮುಂದಿನ ವರ್ಷ ಒಪ್ಪಂದವಾಯಿತು. 1858ರಲ್ಲಿ ಅಮೆರಿಕ, ಹಾಲೆಂಡ್, ರಷ್ಯಾ, ಬ್ರಿಟನ್, ಫ್ರಾನ್ಸ್ ಹೀಗೆ ಐದು ದೇಶಗಳ ಜೊತೆ ವ್ಯಾಪಾರದ ಒಪ್ಪಂದಗಳಾದವು. 1859ರಲ್ಲಿ ಯೊಕೊಹಾಮಾ ಬಂದರು ತೆರೆಯಿತು. ಎದೋದಿಂದ ಒಂದು ದಿನದ ನಡಿಗೆಯ ದೂರದಲ್ಲಿ ದಿಢೀರನೆ ಬಿಳಿಯರು ಬಂದು ನೆಲೆಸಿದರು.

ಪ್ರಕಾಶಕರಿಗೆ ಇದಕ್ಕಿಂತ ದೊಡ್ಡ ಅವಕಾಶ ಬೇಕೆ? ಯೊಕೊಹಾಮಾ-ಎ ಅಂತ ಹೊಸ ಚಿತ್ರಗಳ ಪ್ರವಾಹವೇ ಹರಿಯಿತು. 1860–61ರಲ್ಲಿ ಅದರ ಭರಾಟೆ ಜೋರು. ಸಾದಾಹಿದೆ, ಯೊಶಿತೊರಾ, ಯೊಶಿಕಾಜು ಮೊದಲಾದವರು ಕುದುರೆ ಸವಾರಿ ಮಾಡುವ ಹೆಂಗಸರು, ಗ್ಲಾಸು ಹಿಡಿದ ಗಂಡಸರು, ಹೊಲಿಗೆ ಯಂತ್ರ, ಕ್ಯಾಮೆರಾ ಎಲ್ಲವನ್ನೂ ಬರೆದರು.

ಆದರೆ ಅವು ರಂಗಚಿತ್ರಗಳಲ್ಲವಲ್ಲ?

ವಿಷಯ ನೋಡಿದರೆ ಅಲ್ಲ, ಕೈ ನೋಡಿದರೆ ಹೌದು. ಸಾದಾಹಿದೆ ಕಲಿತದ್ದು ಕುನಿಸಾದಾ ಹತ್ತಿರ. ಯೊಶಿತೊರಾ, ಯೊಶಿಕಾಜು ಕುನಿಯೊಶಿಯ ಶಿಷ್ಯರು. ಗುರುಗಳಿಬ್ಬರೂ ನಟರನ್ನು, ವೀರರನ್ನು ಬರೆದು ಕೈ ಪಳಗಿಸಿಕೊಂಡವರು. ಹೀಗಾಗಿ ಯೊಕೊಹಾಮಾದ ವ್ಯಾಪಾರಿ ಕೂಡ ಎಷ್ಟೋ ಸಲ ನಾಟಕದ ಗತ್ತಿನಲ್ಲೇ ನಿಂತಿರುತ್ತಾನೆ. ಕತ್ತು ಒಂದು ಕಡೆ, ಮೈ ಇನ್ನೊಂದು ಕಡೆ. ಮೂಗು ದೊಡ್ಡದು, ಗಡ್ಡ ದಟ್ಟ, ಆದರೆ ನಿಲುವು ಕಬುಕಿಯದು. ಯಾವ ದೇಶದವನು ಅಂತ ಮುಖ ನೋಡಿ ಹೇಳುವುದು ಕಷ್ಟ. ಪಕ್ಕದಲ್ಲಿ ಬರೆದಿರುವ ದೇಶದ ಹೆಸರನ್ನೇ ನಂಬಬೇಕು.

ಇನ್ನು ಲಂಡನ್, ಪ್ಯಾರಿಸ್ ನಗರಗಳನ್ನು ಬರೆದಾಗ ಅವರ ಮುಂದೆ ಇದ್ದದ್ದು ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್ ಥರದ ಪತ್ರಿಕೆಗಳ ಚಿತ್ರಗಳು. ಯೊಶಿತೊರಾ ಲಂಡನ್ ಬಂದರನ್ನು ಬರೆದ, ಲಂಡನ್ ನೋಡದೆಯೇ.

ಜಾರ್ಜ್ ವಾಷಿಂಗ್ಟನ್ ಹುಲಿಯ ಜೊತೆ ಗುದ್ದಾಡುವ ಚಿತ್ರ ನೋಡಿದೆ. ಅದು ಅಸಲಿಯಾ?

ಅಸಲಿ. 1861ರಲ್ಲಿ ಕಾನಾಗಾಕಿ ರೊಬುನ್ ಬರೆದ ‘ಒಸಾನಾಎತೊಕಿ ಬಾಂಕೊಕುಬಾನಾಶಿ’ ಅನ್ನುವ ಪುಸ್ತಕದ ಚಿತ್ರ ಅದು. ಚಿತ್ರ ಬಿಡಿಸಿದ್ದು ಯೊಶಿತೊರಾ. ಅದೇ ಪುಸ್ತಕದಲ್ಲಿ ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಭಾರೀ ಹಾವಿನ ಜೊತೆ ಹೋರಾಡುತ್ತಾನೆ. ಇಂಟರ್ನೆಟ್‌ನಲ್ಲಿ ಜನ ಇದನ್ನು ನೋಡಿ ನಗುತ್ತಾರೆ. ನಾನು ನಗುವುದಿಲ್ಲ. ಒಂದು ದೇಶದ ಮೊದಲ ನಾಯಕ ಮಹಾವೀರ ಅಂತ ಹೇಳಬೇಕು. ವೀರನನ್ನು ತೋರಿಸುವ ರೀತಿ ಅವರಿಗೆ ಗೊತ್ತಿತ್ತು: ಅವನ ಎದುರು ಹುಲಿಯನ್ನೋ ಹಾವನ್ನೋ ತಂದು ನಿಲ್ಲಿಸುವುದು. ಅವರು ವಾಷಿಂಗ್ಟನ್‌ಗೆ ತಮ್ಮ ವೀರರ ಸಾಲಿನಲ್ಲಿ ಜಾಗ ಕೊಟ್ಟರು. ಅದು ಗೌರವ.

ಪಶ್ಚಿಮ ನಿಜವಾಗಿ ರಂಗ ಹತ್ತಿದ್ದು ಯಾವಾಗ?

1868ರಲ್ಲಿ ಶೋಗುನ್‌ರ ಕಾಲ ಮುಗಿದು ಮೇಜಿ ಚಕ್ರವರ್ತಿಯ ಆಳ್ವಿಕೆ ಶುರುವಾದ ಮೇಲೆ. 1871ರಲ್ಲಿ ಗಂಡಸರು ಜುಟ್ಟು ತೆಗೆಸಿ ಕ್ರಾಪು ಬಿಡಬಹುದು ಅಂತ ಸರ್ಕಾರ ಹೇಳಿತು. ಹೊಸ ಕಾಲದ ಬದುಕನ್ನು ತೋರಿಸುವ ನಾಟಕಗಳಿಗೆ ಜಾಂಗಿರಿಮೊನೊ, ಅಂದರೆ ಕ್ರಾಪಿನ ನಾಟಕ ಅಂತಲೇ ಹೆಸರು ಬಂತು. 1872ರಲ್ಲಿ ಕ್ಯೋತೊದಲ್ಲಿ ಆಡಿದ ಒಂದು ನಾಟಕಕ್ಕೆ ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದ ‘ಸೆಲ್ಫ್ ಹೆಲ್ಪ್’ ಪುಸ್ತಕವೇ ಆಧಾರ. ಟೋಕಿಯೊದಲ್ಲಿ ಈ ಬಗೆಯ ನಾಟಕಗಳನ್ನು ಬರೆದ ದೊಡ್ಡ ಹೆಸರು ಕಾವಾತಾಕೆ ಮೊಕುಆಮಿ (1816–1893), ಆಡಿದ ದೊಡ್ಡ ನಟ ಐದನೇ ಒನೊಎ ಕಿಕುಗೊರೊ.

ಈ ನಾಟಕಗಳ ಚಿತ್ರಗಳಲ್ಲಿ ಗ್ಯಾಸ್ ದೀಪ, ಇಟ್ಟಿಗೆ ಕಟ್ಟಡ, ರಿಕ್ಷಾ, ಕೊಡೆ, ಬೂಟು ಕಾಣುತ್ತವೆ. ಕಥೆ ಮಾತ್ರ ಹಳೆಯದೇ, ಸಾಲ, ಕಳ್ಳತನ, ಪಶ್ಚಾತ್ತಾಪ. ಗೋಡೆಗೆ ಹೊಸ ಸುಣ್ಣ ಬಳಿದರು, ಮನೆ ಬದಲಾಗಲಿಲ್ಲ ಅಂತ ಟೀಕಿಸುವವರಿದ್ದಾರೆ. ಅದರಲ್ಲಿ ಸತ್ಯ ಇದೆ. ಆದರೂ ಬೂಟು ಹಾಕಿದ ನಟ ಕಬುಕಿ ರಂಗದ ಮೇಲೆ ನಡೆದದ್ದೇ ಆ ಜನಕ್ಕೆ ದೊಡ್ಡ ಸಂಗತಿ.

ಒಂದು ನಾಟಕದಲ್ಲಿ ನಿಜವಾದ ವಿದೇಶಿ ಗಾಯಕರೇ ಹಾಡಿದ್ದರಂತೆ?

ಹೌದು, ಅದು 1879ರ ಕಥೆ. ಅದರ ಹಿಂದಿದ್ದವನು ರಂಗಮಂದಿರದ ಯಜಮಾನ ಹನ್ನೆರಡನೇ ಮೊರಿತಾ ಕಾನ್ಯಾ (1846–1897). ಇವನ ಶಿಂತೊಮಿ-ಜಾ ರಂಗಮಂದಿರ ಬೆಂಕಿಗೆ ಹೋಗಿ, ಜೂನ್ 1878ರಲ್ಲಿ ಗ್ಯಾಸ್ ದೀಪಗಳ ಬೆಳಕಿನಲ್ಲಿ ಮತ್ತೆ ತೆರೆದಿತ್ತು. ಉದ್ಘಾಟನೆಯ ದಿನ ಕಬುಕಿ ನಟರು ಪಶ್ಚಿಮದ ಉದ್ದ ಕೋಟು ತೊಟ್ಟು ಸಾಲಾಗಿ ನಿಂತರು. ಹಿಂದಿನ ಆಳ್ವಿಕೆಯಲ್ಲಿ ನಟರನ್ನು ಸಮಾಜದ ಅಂಚಿನಲ್ಲಿ ಇಟ್ಟಿದ್ದರು. ಅವರಿಗೆ ಆ ಕೋಟು ಬರೀ ಫ್ಯಾಶನ್ ಆಗಿರಲಿಲ್ಲ, ಮರ್ಯಾದೆಯ ಬಟ್ಟೆಯಾಗಿತ್ತು.

ಜುಲೈ 1879ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಗ್ರಾಂಟ್ ಇಲ್ಲಿಗೆ ನಾಟಕ ನೋಡಲು ಬಂದ. ಹಳೆಯ ಜಪಾನಿ ಸೇನಾಪತಿಯ ಕಥೆಯಲ್ಲಿ ಗ್ರಾಂಟನ ಜೀವನವನ್ನು ಸೂಚಿಸುವ ನಾಟಕ ಆಡಿದರು. ಗೇಷಾಗಳು ಅಮೆರಿಕದ ಬಾವುಟದ ಪಟ್ಟೆ, ನಕ್ಷತ್ರಗಳ ಕಿಮೊನೊ ತೊಟ್ಟು ಕುಣಿದರು. ಗ್ರಾಂಟ್ ರಂಗಮಂದಿರಕ್ಕೆ ಒಂದು ಪರದೆ ಕೊಡುಗೆಯಾಗಿ ಕೊಟ್ಟ.

ಆ ಉತ್ಸಾಹದಲ್ಲೇ ಸೆಪ್ಟೆಂಬರ್‌ನಲ್ಲಿ ‘ಹ್ಯೋರ್ಯೂ ಕಿದಾನ್ ಸೇಯೊ ಕಾಬುಕಿ’ ರಂಗಕ್ಕೆ ಬಂತು. ಬರೆದದ್ದು ಮೊಕುಆಮಿ. ಬಿರುಗಾಳಿಗೆ ಸಿಕ್ಕ ಜಪಾನಿ ಮೀನುಗಾರರು ವಿದೇಶಿ ಹಡಗುಗಳ ಪಾಲಾಗುತ್ತಾರೆ. ಕಥೆ ಸ್ಯಾನ್ ಫ್ರಾನ್ಸಿಸ್ಕೊ, ಅಮೆರಿಕದ ರೈಲು, ಲಂಡನ್ ದಾಟಿ ಪ್ಯಾರಿಸ್ ತಲುಪುತ್ತದೆ. ಪ್ಯಾರಿಸ್ ರಂಗಮಂದಿರದ ದೃಶ್ಯದಲ್ಲಿ ನಿಜವಾದ ವಿದೇಶಿ ತಂಡ ಹಾಡಿತು. ಆ ಎತ್ತರದ ದನಿ ಕೇಳಿ ಪ್ರೇಕ್ಷಕರು ನಕ್ಕುಬಿಟ್ಟರು. ನಾಟಕ ಸೋತಿತು, ಕಾನ್ಯಾ ಭಾರೀ ನಷ್ಟಕ್ಕೆ ಬಿದ್ದ.

ನನ್ನ ಪ್ರಕಾರ ಈ ಸೋಲು ಒಂದು ವಿಷಯವನ್ನು ಸ್ಪಷ್ಟ ಮಾಡುತ್ತದೆ. ಪ್ರೇಕ್ಷಕರಿಗೆ ಪಶ್ಚಿಮ ಬೇಕಿತ್ತು, ಆದರೆ ತಮ್ಮ ನಟರ ಮೈಯಲ್ಲಿ, ತಮ್ಮ ನಟರ ದನಿಯಲ್ಲಿ ಬೇಕಿತ್ತು. ಇದಕ್ಕೆ ಸಾಕ್ಷಿ ಹನ್ನೆರಡು ವರ್ಷದ ನಂತರ ಸಿಕ್ಕಿತು.

ಬಲೂನಿನಲ್ಲಿ ಹಾರುವ ಕಬುಕಿ ನಟನ ಚಿತ್ರದ ಕಥೆ ಏನು?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಪರ್ಸಿವಲ್ ಸ್ಪೆನ್ಸರ್ ಬ್ರಿಟನ್‌ನ ಬಲೂನು ಸಾಹಸಿ. ಮೇಲಕ್ಕೇರಿ ಪ್ಯಾರಾಚೂಟ್ ಹಿಡಿದು ಧುಮುಕುವುದು ಅವನ ಆಟ. ಜಪಾನಿಗೆ ಹೋಗುವ ಮುಂಚೆ, 1889ರಲ್ಲಿ, ಅವನು ಬೊಂಬಾಯಿ ಮತ್ತು ಕಲ್ಕತ್ತಾದಲ್ಲೂ ಹಾರಿದ್ದ. ಕಲ್ಕತ್ತಾದ ರಾಮಚಂದ್ರ ಚಟರ್ಜಿ ಅವನಿಂದಲೇ ಕಲಿತು ಹಾರಿದವರು. 1890ರ ಕೊನೆಗೆ ಸ್ಪೆನ್ಸರ್ ಯೊಕೊಹಾಮಾದಲ್ಲಿ, ಆಮೇಲೆ ಟೋಕಿಯೊದ ಉಎನೊ ಪಾರ್ಕಿನಲ್ಲಿ ಹಾರಿದ. ಜನ ಕಿಕ್ಕಿರಿದರು.

ಕಿಕುಗೊರೊ ಸುಮ್ನೆ ಕೂರುವವನಲ್ಲ. ಊರಲ್ಲಿ ಏನೇ ಹೊಸದು ಬಂದರೂ ಅದನ್ನು ರಂಗಕ್ಕೆ ತರುವ ಹಠ ಅವನಿಗೆ. ಮೊಕುಆಮಿ ಬರೆದುಕೊಟ್ಟ. ಜನವರಿ 1891ರಲ್ಲಿ ಟೋಕಿಯೊದ ಕಬುಕಿ-ಜಾ ರಂಗಮಂದಿರದಲ್ಲಿ ‘ಫೂಸೆನ್ ನೊರಿ ಉವಾಸಾ ನೊ ತಾಕಾದೊನೊ’ ಶುರುವಾಯಿತು. ಕಿಕುಗೊರೊ ಸ್ಪೆನ್ಸರ್ ಆದ. ರಂಗದ ಮೇಲೆ ಬಲೂನು ಏರುತ್ತದೆ. ತುಂಬಾ ಎತ್ತರ ಹೋಗಿದ್ದಾನೆ ಅಂತ ತೋರಿಸುವುದು ಹೇಗೆ? ಅದೇ ವೇಷ ತೊಟ್ಟ ಚಿಕ್ಕ ಹುಡುಗನೊಬ್ಬ ಪುಟ್ಟ ಬಲೂನಿನ ಜೊತೆ ಮೇಲೆ ಕಾಣಿಸಿಕೊಳ್ಳುತ್ತಾನೆ. ದೂರದ ಮನುಷ್ಯನಿಗೆ ಮಗುವನ್ನು ನಿಲ್ಲಿಸುವುದು ಕಬುಕಿಯ ಹಳೆಯ ಉಪಾಯ. ಮೊದಲು ಹೇಳಿದ ಮಸನೋಬುವಿನ ಚಿತ್ರದಲ್ಲಿ ಯುರೋಪಿನ ಗೆರೆ ಮಾಡಿದ ಕೆಲಸವನ್ನೇ ಇಲ್ಲಿ ಒಬ್ಬ ಹುಡುಗ ಮಾಡಿದ.

ಕೆಳಗಿಳಿದ ಮೇಲೆ ಕಿಕುಗೊರೊ ಸಭಿಕರಿಗೆ ಇಂಗ್ಲಿಷಿನಲ್ಲಿ ಭಾಷಣ ಮಾಡಿದ. ಮೂರು ಸಾವಿರ ಅಡಿ ಮೇಲಿಂದ ನೋಡಿದಾಗ ಕಬುಕಿ-ಜಾದಲ್ಲಿ ಇಷ್ಟೊಂದು ಗೆಳೆಯರು ಸೇರಿರುವುದು ಕಂಡು ಖುಷಿಯಾಯಿತು ಅನ್ನುವ ಅರ್ಥದ ಮಾತು. ಇಂಗ್ಲಿಷ್ ಬಾರದ ನಟ ಅಷ್ಟನ್ನೂ ಬಾಯಿಪಾಠ ಮಾಡಿ ಒಪ್ಪಿಸಿದ. ಜನ ಮೆಚ್ಚಿದರು. ವಿದೇಶಿ ಗಾಯಕಿಯ ದನಿಗೆ ನಕ್ಕಿದ್ದ ಊರು ಕಿಕುಗೊರೊ ಇಂಗ್ಲಿಷಿಗೆ ಚಪ್ಪಾಳೆ ಹೊಡೆಯಿತು.

ಈ ನಾಟಕದ ಚಿತ್ರಗಳನ್ನು ನೋಡುವಾಗ ಬಲೂನು, ಹಗ್ಗ, ಬಟ್ಟೆ ನೋಡಿ, ಆಮೇಲೆ ಮುಖ ನೋಡಿ. ಮುಖ ಸ್ಪೆನ್ಸರನದಲ್ಲ, ಕಿಕುಗೊರೊದು. ನಟನ ಮುಖದ ಹೋಲಿಕೆಗೇ ಜನ ದುಡ್ಡು ಕೊಡುತ್ತಿದ್ದರು. ಹಾಗಾಗಿ ಪಾತ್ರ ಯಾವ ದೇಶದ್ದೇ ಆಗಲಿ, ಹಾಳೆಯ ಮೇಲೆ ಇರುವುದು ಊರಿನ ಪರಿಚಿತ ಮುಖ. ಈ ಚಿತ್ರಗಳ ಬಗ್ಗೆ ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ: ಇವು ಪಶ್ಚಿಮದ ಚಿತ್ರಗಳಲ್ಲ, ಪಶ್ಚಿಮದ ವೇಷ ಹಾಕಿದ ಜಪಾನಿನ ಚಿತ್ರಗಳು.

ಸರ್ಕಸ್ಸು, ಆನೆಗಳ ಚಿತ್ರಗಳೂ ಇವೆಯಲ್ಲ?

ಇವೆ. 1886ರಲ್ಲಿ ಕಿಯಾರಿನಿ ಅನ್ನುವ ಇಟಲಿಯವನ ಸರ್ಕಸ್ ಬಂತು. ಅದೇ ವರ್ಷ ನವೆಂಬರ್‌ನಲ್ಲಿ ಚಿತೊಸೆ-ಜಾದಲ್ಲಿ ಕಿಕುಗೊರೊ ಅದನ್ನೂ ನಾಟಕ ಮಾಡಿದ. ಬರೆದದ್ದು ಮತ್ತೆ ಮೊಕುಆಮಿ.

ಆನೆಯ ಕಥೆ ಇನ್ನೂ ಹಿಂದಿನದು. 1863ರಲ್ಲಿ ಎದೋದ ರ್ಯೋಗೊಕು ಬಯಲಿನಲ್ಲಿ ಒಂದು ಆನೆಯನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಯೊಕೊಹಾಮಾಕ್ಕೆ ಅದನ್ನು ತಂದದ್ದು ಅಮೆರಿಕದ ಹಡಗು. ಉತಾಗಾವಾ ಯೊಶಿತೊಯೊ ಮೊದಲಾದವರು ಮಾಡಿದ ಚಿತ್ರಗಳಲ್ಲಿ ಇದನ್ನು ತೆಂಜಿಕು ಆನೆ ಅಂದಿದ್ದಾರೆ. ನೋಡಿದವರಿಗೆ ಪುಣ್ಯ, ರೋಗ ನಿವಾರಣೆ ಅಂತಲೂ ಪ್ರಚಾರ ಇತ್ತು. ಪಶ್ಚಿಮದ ಹಡಗಿನಲ್ಲಿ ಬಂದ ಪ್ರಾಣಿಗೆ ಬುದ್ಧನ ನಾಡಿನ ಹೆಸರು ಅಂಟಿಸಿದರೆ ಜನ ಜಾಸ್ತಿ ಸೇರುತ್ತಾರೆ ಅಂತ ಮಾರುವವರಿಗೆ ಚೆನ್ನಾಗಿ ಗೊತ್ತಿತ್ತು.

ಶೇಕ್ಸ್‌ಪಿಯರ್ ಬಂದನಾ?

ಬಂದ. 1885ರಲ್ಲಿ ಒಸಾಕಾದಲ್ಲಿ ‘ಮರ್ಚೆಂಟ್ ಆಫ್ ವೆನಿಸ್’ ಕಬುಕಿಯಾಯಿತು. ವೆನಿಸ್ ಬಿಟ್ಟು ಕಥೆಯನ್ನು ಜಪಾನಿಗೇ ತಂದುಕೊಂಡರು. ನಟ ಕಾವಾಕಾಮಿ ಒತೊಜಿರೊ 1903ರಲ್ಲಿ ‘ಒಥೆಲೊ’ ಆಡಿಸಿದ. ಆದರೆ ಆ ಹೊತ್ತಿಗೆ ಮರದಚ್ಚಿನ ಮಾರುಕಟ್ಟೆ ಸೊರಗಿತ್ತು.

ಜಪಾನಿನವರು ಬಿಳಿಯರನ್ನು ಗೇಲಿ ಮಾಡುತ್ತಿದ್ದರಾ?

ಕೆಲವು ಚಿತ್ರಗಳಲ್ಲಿ ಗೇಲಿ ಇದೆ. ಪೆರಿ ಬಂದ ಹೊಸದರಲ್ಲಿ ಬೀದಿಯಲ್ಲಿ ಮಾರಿದ ಹಾಳೆಗಳಲ್ಲಿ ಅವನ ಮುಖ ಭೂತದ ಥರ ಇರುತ್ತದೆ. ಆದರೆ ರಂಗಚಿತ್ರಗಳಲ್ಲಿ ನನಗೆ ಕಾಣುವುದು ಕುತೂಹಲವೇ. ಹೊಲಿಗೆ ಯಂತ್ರದ ಚಕ್ರ, ಕೋಟಿನ ಗುಂಡಿ, ರೈಲಿನ ಹೊಗೆಕೊಳವೆ ಇವನ್ನೆಲ್ಲ ಎಷ್ಟು ಶ್ರದ್ಧೆಯಿಂದ ಕೆತ್ತಿದ್ದಾರೆ ನೋಡಿ. ತಿರಸ್ಕಾರ ಇದ್ದರೆ ಯಾರೂ ಅಷ್ಟು ಹೊತ್ತು ಹಲಗೆಯ ಮುಂದೆ ಕೂರುವುದಿಲ್ಲ. ಭಯ ಇತ್ತು, ಅದನ್ನು ಮರೆಮಾಚಲೂ ಇಲ್ಲ. ಒಪ್ಪಂದಗಳು ಸಮಾನವಾಗಿರಲಿಲ್ಲ, ಬಂದರುಗಳಲ್ಲಿ ತೋಪಿನ ಹಡಗುಗಳು ನಿಂತಿದ್ದವು. ಅಂಥ ಹೊತ್ತಿನಲ್ಲೂ ಅವರು ಕಣ್ಣು ಬಿಟ್ಟು ನೋಡಿದರು.

ಮೇಜಿ ಕಾಲದ ಚಿತ್ರಗಳಲ್ಲಿ ಅಷ್ಟೊಂದು ಕೆಂಪು, ನೇರಳೆ ಯಾಕೆ?

ಅದೂ ಯುರೋಪಿನದೇ. 1860ರ ದಶಕದಿಂದ ಕಾರ್ಖಾನೆಯ ಅನಿಲಿನ್ ಬಣ್ಣಗಳು ಆಮದಾದವು. ಕುನಿಚಿಕಾ (1835–1900) ಮಾಡಿದ ನಟರ ಚಿತ್ರಗಳಲ್ಲಿ ಆ ಕೆಂಪು ಉರಿಯುತ್ತದೆ. ಬಹುಕಾಲ ಸಂಗ್ರಾಹಕರು ಇದನ್ನು ಕಣ್ಣು ಚುಚ್ಚುವ ಬಣ್ಣ, ಕಲೆಯ ಅವನತಿ ಅಂತ ಮೂಗು ಮುರಿದರು. ನಾನು ಒಪ್ಪುವುದಿಲ್ಲ. ಗ್ಯಾಸ್ ದೀಪದ ರಂಗವನ್ನು ನೋಡಿ ಬಂದ ಕಣ್ಣುಗಳಿಗೆ ಹಳೆಯ ಮೆತ್ತನೆ ಬಣ್ಣ ಸಾಕಾಗುತ್ತಿರಲಿಲ್ಲ. ಒಂದು ವಿಚಿತ್ರ ಏನೆಂದರೆ ಕಿಮೊನೊ ತೊಟ್ಟ ಹಳೆಗಾಲದ ಸಮುರಾಯ್ ಪಾತ್ರಕ್ಕೂ ಹಚ್ಚಿದ್ದು ಯುರೋಪಿನ ಇದೇ ಕೆಂಪು.

ಒಂದು ಚಿತ್ರ ಕೈಗೆ ಸಿಕ್ಕರೆ ಏನೇನು ನೋಡಬೇಕು?

ಮೊದಲು ನಟನ ಗುರುತು ಹುಡುಕಿ.ಒಂದರೊಳಗೊಂದು ಮೂರು ಚೌಕಗಳಿದ್ದರೆ ಅದು ಇಚಿಕಾವಾ ದಾಂಜುರೊ ಮನೆತನ. ಒಂದರ ಮೇಲೊಂದು ಇಟ್ಟ ಬೀಸಣಿಗೆ, ಓಕ್ ಎಲೆ ಇದ್ದರೆ ಒನೊಎ ಕಿಕುಗೊರೊ ಮನೆತನ. ಆಮೇಲೆ ಕಲಾವಿದನ ಸಹಿ, ಪ್ರಕಾಶಕನ ಮುದ್ರೆ. ಎದೋ ಕಾಲದ ಹಾಳೆಗಳಲ್ಲಿ ಸೆನ್ಸಾರ್ ಮುದ್ರೆಯೂ ಇರುತ್ತದೆ, ಕಾಲ ಹೇಳುವುದಕ್ಕೆ ಅದು ಬಹಳ ಉಪಯೋಗ. ಮೇಜಿ ಕಾಲದ ಹಾಳೆಗಳ ಅಂಚಿನಲ್ಲಿ ದಿನಾಂಕ, ವಿಳಾಸವೇ ಅಚ್ಚಾಗಿರುವುದುಂಟು.

ಮೂರು ಹಾಳೆಯ ಚಿತ್ರಗಳಲ್ಲಿ ಎಷ್ಟೋ ಸಲ ಒಂದೇ ಹಾಳೆ ಉಳಿದಿರುತ್ತದೆ. ಪಾತ್ರ ಯಾರ ಕಡೆಗೆ ದಿಟ್ಟಿಸುತ್ತಿದೆ ಅಂತ ತಿಳಿಯದಿದ್ದರೆ, ಪಕ್ಕದ ಹಾಳೆ ಕಳೆದುಹೋಗಿದೆ ಅಂತ ಅನುಮಾನಿಸಿ.

ಈ ಪರಂಪರೆ ಯಾವಾಗ ನಿಂತಿತು?

ಫೋಟೋ, ಕಲ್ಲಚ್ಚು, ಪೋಸ್ಟ್‌ಕಾರ್ಡುಗಳು ಬಂದು ಅಗ್ಗದ ಮಾರುಕಟ್ಟೆಯನ್ನು ಕಿತ್ತುಕೊಂಡವು. ಕುನಿಚಿಕಾ 1900ರಲ್ಲಿ ತೀರಿಕೊಂಡ. ಕಿಕುಗೊರೊ, ಒಂಬತ್ತನೇ ದಾಂಜುರೊ ಇಬ್ಬರೂ 1903ರಲ್ಲಿ ಹೋದರು.

ಆದರೆ ನಟರ ಚಿತ್ರ ಪೂರ್ತಿ ಸಾಯಲಿಲ್ಲ. 1920ರ ಹೊತ್ತಿಗೆ ಯಾಮಾಮುರಾ ತೊಯೊನಾರಿ, ನಾತೊರಿ ಶುನ್ಸೆನ್ ಅದನ್ನು ಹೊಸ ರೀತಿಯಲ್ಲಿ ಎತ್ತಿಕೊಂಡರು. ತೊಯೊನಾರಿ 1921ರಲ್ಲಿ ಮಾಡಿದ ಒಂದು ಮುದ್ರಣದಲ್ಲಿ ಹದಿಮೂರನೇ ಮೊರಿತಾ ಕಾನ್ಯಾ ಇದ್ದಾನೆ, ಜ್ಯಾಂ ವಾಲ್ಜ್ಯಾಂ ಪಾತ್ರದಲ್ಲಿ. ಹೌದು, ವಿಕ್ಟರ್ ಹ್ಯೂಗೊ ಕಾದಂಬರಿಯ ನಾಯಕ. ಈ ನಟ 1879ರ ನಾಟಕದಲ್ಲಿ ಕೈ ಸುಟ್ಟುಕೊಂಡ ಹನ್ನೆರಡನೇ ಕಾನ್ಯಾನ ಮಗ. ಪ್ಯಾರಿಸ್ ಅಂದರೆ ವಿದೇಶಿ ಗಾಯಕರನ್ನು ಕರೆಸಬೇಕು ಅಂದುಕೊಂಡಿದ್ದ ಅಪ್ಪ. ಮಗ ತಾನೇ ಫ್ರೆಂಚ್ ಪಾತ್ರವಾದ.

ಎಲ್ಲಿ ನೋಡಬಹುದು? ಜಪಾನಿಗೇ ಹೋಗಬೇಕಾ?

ಬೇಕಾಗಿಲ್ಲ. ಟೋಕಿಯೊದ ವಾಸೆದಾ ವಿಶ್ವವಿದ್ಯಾಲಯದ ತ್ಸುಬೊಉಚಿ ರಂಗ ವಸ್ತುಸಂಗ್ರಹಾಲಯ ತನ್ನ ಸಾವಿರಾರು ರಂಗಚಿತ್ರಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. 1928ರಲ್ಲಿ ತೆರೆದ ಆ ಕಟ್ಟಡವನ್ನು ಕಟ್ಟಿದ್ದು ಶೇಕ್ಸ್‌ಪಿಯರ್ ಕಾಲದ ಲಂಡನ್‌ನ ಫಾರ್ಚೂನ್ ರಂಗಮಂದಿರದ ಮಾದರಿಯಲ್ಲಿ. ಕ್ಯೋತೊದ ರಿತ್ಸುಮೇಕಾನ್ ವಿಶ್ವವಿದ್ಯಾಲಯ, ಬಾಸ್ಟನ್‌ನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್, ಬ್ರಿಟಿಷ್ ಮ್ಯೂಸಿಯಂ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ದೊಡ್ಡ ಸಂಗ್ರಹಗಳನ್ನು ತೆರೆದಿಟ್ಟಿವೆ. ಯೊಕೊಹಾಮಾ ಚಿತ್ರಗಳಿಗೆ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಒಳ್ಳೆಯ ಜಾಗ.

ಹುಡುಕುವಾಗ ಕಲಾವಿದನ ಹೆಸರಿಗಿಂತ ನಟನ ಹೆಸರು ಹಾಕಿದರೆ ಬೇಗ ಸಿಗುತ್ತದೆ. ನಟನ ಹೆಸರಿನ ಜೊತೆ ಎಷ್ಟನೆಯವನು ಅನ್ನುವ ಸಂಖ್ಯೆ ಮರೆಯಬೇಡಿ. ಕಿಕುಗೊರೊ ಅಂತ ಮಾತ್ರ ಹಾಕಿದರೆ ಬೇರೆ ಬೇರೆ ತಲೆಮಾರಿನವರೆಲ್ಲ ಒಟ್ಟಿಗೆ ಬರುತ್ತಾರೆ. ಬಲೂನು ಹತ್ತಿದವನು ಐದನೆಯವನು.